ಜಾಮಗಿ, ಚಕಮಕಿ, ಕೇಪು: ಕಡೂರು–ತರೀಕೆರೆ–ಅಜ್ಜಂಪುರ ಸೀಮೆಯ ಹಿನ್ನೆಲೆಯಲ್ಲಿ ಕೋವಿಯ ಬೆಳವಣಿಗೆ

1. ಪೀಠಿಕೆ

ಪಾಳೆಯಗಾರರ ಕೈಫಿಯತ್ತು, ವಂಶಾವಳಿ, ಲಾವಣಿಗಳನ್ನು ಓದುವವರಿಗೆ ಕೋವಿ, ತುಪಾಕಿ, ಬಂದೂಕು ಎಂಬ ಮೂರು ಪದಗಳು ಪದೇ ಪದೇ ಎದುರಾಗುತ್ತವೆ. ಪಾಠ ಹೇಳುವಾಗಲೂ ಅರ್ಥಕೋಶ ಸಿದ್ಧಪಡಿಸುವಾಗಲೂ ಇವುಗಳನ್ನು ಪರ್ಯಾಯಪದಗಳೆಂದು ಭಾವಿಸಿ ಒಂದಕ್ಕೆ ಮತ್ತೊಂದನ್ನು ಅರ್ಥವಾಗಿ ಕೊಟ್ಟು ಮುಂದೆ ಸಾಗುವುದು ರೂಢಿ. ವ್ಯವಹಾರದ ದೃಷ್ಟಿಯಿಂದ ಇದು ತಪ್ಪಲ್ಲ. ಆದರೆ ಚರಿತ್ರೆಯ ದೃಷ್ಟಿಯಿಂದ ಇದರಿಂದ ಆಗುವ ನಷ್ಟ ಚಿಕ್ಕದಲ್ಲ. ಈ ಆಯುಧದ ಸುತ್ತ ಬೆಳೆದ ಕನ್ನಡ ಪದಗಳಲ್ಲಿ ಅದರ ತಂತ್ರಜ್ಞಾನದ ಮೂರು ಘಟ್ಟಗಳು ಪದರಪದರವಾಗಿ ಉಳಿದುಕೊಂಡಿವೆ. ಮದ್ದಿಗೆ ಕಿಡಿ ತಗುಲಿಸುವ ಬಗೆ ಬದಲಾದಂತೆ ಆಯುಧವನ್ನು ಯಾರು ತಯಾರಿಸಬಲ್ಲರು, ಯಾರು ಇಟ್ಟುಕೊಳ್ಳಬಲ್ಲರು ಎಂಬುದೂ ಬದಲಾಯಿತು.

ಈ ಸಂಗತಿಯನ್ನು ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯನ್ನು ಮುಂದಿಟ್ಟುಕೊಂಡು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. 1947ರವರೆಗೆ ಕಡೂರು ಜಿಲ್ಲೆ ಎಂದೇ ಹೆಸರಾಗಿದ್ದ ಇಂದಿನ ಚಿಕ್ಕಮಗಳೂರು ಜಿಲ್ಲೆಯ ಈ ಭಾಗ ಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುವ ಅಂಚಿನ ಪ್ರದೇಶ. ತರೀಕೆರೆ ಪಾಳೆಯಪಟ್ಟಿನ ಕೇಂದ್ರ. ಅಜ್ಜಂಪುರ, ಬೀರೂರು, ಬಾಸೂರು, ಲಿಂಗದಹಳ್ಳಿಗಳು ಮೈಸೂರು ಸೈನ್ಯದ ತೋಪು ಎಳೆದ ಅಮೃತಮಹಲ್ ತಳಿಯೊಡನೆ ಹೆಸರು ಕೂಡಿಕೊಂಡಿರುವ ಊರುಗಳು. ಹೀಗೆ ಪಾಳೆಯಗಾರನ ಕೋವಿ ಮತ್ತು ಪ್ರಭುತ್ವದ ಬಂದೂಕು ಎರಡೂ ಒಂದೇ ಸೀಮೆಯಲ್ಲಿ ಸಂಧಿಸಿದವು.

2. ಮದ್ದು: ಒಂದು ಪದ, ಎರಡು ಲೋಕ

ಕನ್ನಡದಲ್ಲಿ ‘ಮದ್ದು’ ಎಂದರೆ ಔಷಧ. ಸ್ಫೋಟಕ ಪುಡಿಯೂ ಹೌದು. ಮದ್ದುಗುಂಡು, ಸಿಡಿಮದ್ದು, ಮದ್ದಿನ ಮನೆ ಮುಂತಾದ ಸಮಾಸಗಳಲ್ಲಿ ಎರಡನೆಯ ಅರ್ಥ ನೆಲೆಗೊಂಡಿದೆ. ಈ ದ್ವಂದ್ವಾರ್ಥ ಆಕಸ್ಮಿಕವಲ್ಲ. ಅರೆಯುವುದು, ಬೆರೆಸುವುದು, ಪ್ರಮಾಣ ಕಾಯುವುದು ಇವೆಲ್ಲ ಎರಡಕ್ಕೂ ಸಮಾನವಾದ ಕ್ರಿಯೆಗಳು. ಚೀನೀ ಭಾಷೆಯಲ್ಲಿಯೂ ಇದಕ್ಕೆ ‘ಬೆಂಕಿಯ ಮದ್ದು’ ಎಂಬ ಅರ್ಥದ ಹೆಸರೇ ಇರುವುದು ಗಮನಾರ್ಹ. ಮದ್ದಿನ ಲಿಖಿತ ಪಾಕಗಳು ಮೊದಲು ದೊರೆಯುವುದು 1044ರ ಚೀನೀ ಸೈನಿಕ ಗ್ರಂಥವೊಂದರಲ್ಲಿ.

ಕಪ್ಪುಮದ್ದಿನ ಘಟಕಗಳು ಮೂರು: ಪೆಟ್ಲುಪ್ಪು, ಗಂಧಕ, ಇದ್ದಲು. ಪೆಟ್ಲುಪ್ಪು ಉರಿಯುವಿಕೆಗೆ ಬೇಕಾದ ಆಮ್ಲಜನಕವನ್ನು ಒದಗಿಸುತ್ತದೆ, ಇದ್ದಲು ಉರಿಯುತ್ತದೆ, ಗಂಧಕ ಕಡಿಮೆ ಶಾಖದಲ್ಲಿಯೇ ಹೊತ್ತಿಕೊಂಡು ಉರಿಯನ್ನು ಹರಡುತ್ತದೆ. 18ನೆಯ ಶತಮಾನದ ಹೊತ್ತಿಗೆ ಯೂರೋಪಿನಲ್ಲಿ ನೂರು ಭಾಗಕ್ಕೆ 75 ಪೆಟ್ಲುಪ್ಪು, 15 ಇದ್ದಲು, 10 ಗಂಧಕ ಎಂಬ ಪ್ರಮಾಣ ಬಹುಮಟ್ಟಿಗೆ ಸ್ಥಿರವಾಯಿತು. ಪೆಟ್ಲುಪ್ಪು ಹಳೆಯ ಗೋಡೆಗಳ ಬುಡ, ಕೊಟ್ಟಿಗೆಯ ನೆಲ, ಹಾಳೂರಿನ ಮಣ್ಣುಗಳಲ್ಲಿ ಸಹಜವಾಗಿ ಕೂಡುತ್ತದೆ. ಅಂತಹ ಮಣ್ಣನ್ನು ನೀರಿನಲ್ಲಿ ಸೋಸಿ, ಕುದಿಸಿ, ಹರಳುಗಟ್ಟಿಸಿ ತೆಗೆಯುತ್ತಿದ್ದರು. ಉಪ್ಪುಮಣ್ಣು ಸೋಸುವ ಕಸುಬು ಹಳ್ಳಿಗಾಡಿಗೆ ಹೊಸದಾಗಿರಲಿಲ್ಲ. ಇದ್ದಲಂತೂ ಕಾಡಂಚಿನ ಪ್ರತಿಯೊಂದು ಊರಿಗೂ ಪರಿಚಿತ. ಗಂಧಕವೊಂದನ್ನು ಮಾತ್ರ ಹೊರಗಿನಿಂದ ಕೊಳ್ಳಬೇಕಾಗಿತ್ತು. ಅದರ ಪ್ರಮಾಣವೂ ಅತಿ ಕಡಿಮೆ. ಮದ್ದಿನ ಮಟ್ಟಿಗೆ ಹಳ್ಳಿ ಬಹುತೇಕ ಸ್ವಾವಲಂಬಿಯಾಗಿರಬಹುದಾಗಿತ್ತು ಎಂಬುದನ್ನು ಇಲ್ಲಿ ನೆನಪಿಡಬೇಕು. ಚಿತ್ರದುರ್ಗದ ಕೋಟೆಯಲ್ಲಿ ಇಂದಿಗೂ ಉಳಿದಿರುವ ಮದ್ದು ಬೀಸುವ ಬೃಹತ್ ಕಲ್ಲುಗಳು ಪಾಳೆಯಗಾರರ ಕಾಲದ ಈ ತಯಾರಿಕೆಯ ಪ್ರಮಾಣವನ್ನು ಸೂಚಿಸುತ್ತವೆ.

ಮಲೆನಾಡಿನ ಮಾತಿನಲ್ಲಿ ಇದೇ ಪುಡಿಗೆ ‘ಮಸಿ’ ಎಂಬ ಹೆಸರಿದೆ. ಬಣ್ಣದಿಂದ ಬಂದ ಹೆಸರದು. ಕರಾವಳಿಯಲ್ಲಿ ‘ಬೆಡಿ’ ಎಂಬ ಪದ ಕೋವಿಗೂ ಸಿಡಿಮದ್ದಿನ ಉತ್ಸವಕ್ಕೂ ಸಲ್ಲುತ್ತದೆ. ಕಾಸರಗೋಡು ಜಿಲ್ಲೆಯ ಕುಂಬಳೆಯ ದೇವಾಲಯದ ಜಾತ್ರೆ ‘ಕುಂಬಳೆ ಬೆಡಿ’ ಎಂದೇ ಪ್ರಸಿದ್ಧ.

3. ಕೊಳವೆಯಿಂದ ಕೋವಿಗೆ

‘ಕೋವಿ’ ಎಂಬುದರ ಮೂಲಾರ್ಥ ಕೊಳವೆ. ಕೊಳವೆಯನ್ನು ಹೇಳುವ ಪದವೇ ಕೋವಿಯ ನಳಿಗೆಗೂ ಅನಂತರ ಇಡೀ ಆಯುಧಕ್ಕೂ ಹೆಸರಾಗಿ ನಿಂತಿತು. ಆಯುಧದ ಚರಿತ್ರೆಯೂ ಹೀಗೆಯೇ ಸಾಗಿದೆ. 12ನೆಯ ಶತಮಾನದ ಚೀನಾದಲ್ಲಿ ಬಿದಿರಿನ ಕೊಳವೆಗೆ ಮದ್ದು ತುಂಬಿ ಈಟಿಯ ತುದಿಗೆ ಕಟ್ಟಿ ಬೆಂಕಿ ಉಗುಳಿಸುತ್ತಿದ್ದರು. ಬಿದಿರು ಹೋಗಿ ಲೋಹ ಬಂದಾಗ, 13ನೆಯ ಶತಮಾನದ ಕೊನೆಯ ವೇಳೆಗೆ, ಕೈಯಲ್ಲಿ ಹಿಡಿಯುವ ಕಿರುತೋಪು ಸಿದ್ಧವಾಯಿತು. ಒಂದು ತುದಿ ಮುಚ್ಚಿದ ಕೊಳವೆ, ಬುಡದಲ್ಲಿ ಕಿಡಿ ಮುಟ್ಟಿಸಲು ಸಣ್ಣ ರಂಧ್ರ, ಹಿಂದೆ ಮರದ ದಂಡ. ಇಷ್ಟೇ ಅದರ ರಚನೆ. ಒಂದು ಕೈ ಆಯುಧಕ್ಕೆ, ಇನ್ನೊಂದು ಕೈ ಕೊಳ್ಳಿಗೆ ಮೀಸಲಾಗಿದ್ದುದರಿಂದ ಗುರಿ ಇಡುವುದು ಅಸಾಧ್ಯಪ್ರಾಯವಾಗಿತ್ತು.

15ನೆಯ ಶತಮಾನದ ಯೂರೋಪಿನಲ್ಲಿ ಈ ತೊಡಕಿಗೆ ಪರಿಹಾರ ದೊರೆಯಿತು. ಪೆಟ್ಲುಪ್ಪಿನ ನೀರಿನಲ್ಲಿ ನೆನೆಸಿ ಒಣಗಿಸಿದ, ನಿಧಾನವಾಗಿ ಕನಲುವ ಹುರಿಯನ್ನು ಬಾಗಿದ ಲೋಹದ ಕೊಕ್ಕೆಯೊಂದಕ್ಕೆ ಸಿಕ್ಕಿಸಿ, ಬೆರಳಿನಿಂದ ಎಳೆದಾಗ ಅದು ರಂಜಕದ ಬಟ್ಟಲಿಗೆ ಬಾಗುವಂತೆ ಮಾಡಿದರು. ಈ ಹುರಿಯೇ ಕನ್ನಡ, ಮರಾಠಿಗಳ ‘ಜಾಮಗಿ’. ಕಿಡಿ ಹಿಡಿದು ಎರಗುವ ಕೊಕ್ಕೆಗೆ ಇಂಗ್ಲಿಷರು ಹುಂಜದ ಹೆಸರಿಟ್ಟರೆ ಕನ್ನಡಿಗರು ‘ಕುದುರೆ’ ಎಂದರು. ಎರಡು ಕೈಗಳೂ ಆಯುಧಕ್ಕೆ ದೊರೆತದ್ದರಿಂದ ಗುರಿ ಸಾಧ್ಯವಾಯಿತು. ಕೋವಿ ಸೈನಿಕನ ಆಯುಧವಾದದ್ದು ಈ ಘಟ್ಟದಲ್ಲಿ.

ಜಾಮಗಿ ಕೋವಿ ದಖನ್ನಿಗೆ ಎರಡು ದಾರಿಗಳಲ್ಲಿ ಬಂದಿತೆನ್ನಬಹುದು. ತುರ್ಕಿ–ಪಾರಸಿ ಮೂಲದ ‘ತುಫಂಗ್’, ‘ತುಫೆಕ್’ ರೂಪಗಳಿಗೆ ಸಂಬಂಧಿಸಿದ ‘ತುಪಾಕಿ’ ಒಂದು ದಾರಿಯನ್ನು ಸೂಚಿಸುತ್ತದೆ. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರದು ಮತ್ತೊಂದು ದಾರಿ. ಗೋವೆಯಲ್ಲಿ ಆ ಮೊದಲೇ ನುರಿತ ಕೋವಿಗಾರಿಕೆಯ ಕುಶಲಕರ್ಮಿಗಳಿದ್ದರೆಂಬುದನ್ನು ಅಲ್ಬುಕರ್ಕನ ಪತ್ರಗಳು ತಿಳಿಸುತ್ತವೆ. ಅರಬ್ಬಿಯಲ್ಲಿ ದುಂಡನೆಯ ಕಾಯಿ, ಗುಂಡು ಎಂಬ ಅರ್ಥವಿದ್ದ ‘ಬುಂದುಕ್’ ಪದ ಹಿಂದೂಸ್ತಾನಿಯ ಮೂಲಕ ‘ಬಂದೂಕು’ ಆಗಿ ಬಂದಿತು. ಕನ್ನಡವು ಕೊಳವೆಯಿಂದ ಆಯುಧವನ್ನು ಹೆಸರಿಸಿದರೆ ಅರಬ್ಬಿ ಅದರಿಂದ ಹೊರಡುವ ಗುಂಡಿನಿಂದ ಹೆಸರಿಸಿದೆ.

1520ರ ರಾಯಚೂರು ಮುತ್ತಿಗೆಯಲ್ಲಿ ಕ್ರಿಸ್ತೊವಾವ್ ದ ಫಿಗೆರೇದೊ ಎಂಬ ಪೋರ್ಚುಗೀಸನು 20 ಮಂದಿ ಕೋವಿಕಾರರೊಡನೆ ಕೃಷ್ಣದೇವರಾಯನ ಪಕ್ಷದಲ್ಲಿ ನಿಂತು, ಕೋಟೆಗೋಡೆಯ ಮೇಲಿನ ರಕ್ಷಕರನ್ನು ಹೊಡೆದುರುಳಿಸಿ ಗೋಡೆ ಕೆಡಹುವವರಿಗೆ ದಾರಿ ಮಾಡಿಕೊಟ್ಟುದನ್ನು ನೂನಿಜ್ ವರ್ಣಿಸಿದ್ದಾನೆ. ಗೆದ್ದ ವಿಜಯನಗರ ಈ ಆಯುಧದ ಪಾಠವನ್ನು ಅಷ್ಟಾಗಿ ಮನಗಾಣಲಿಲ್ಲ, ಸೋತ ಬಿಜಾಪುರ ಮನಗಂಡಿತು ಎಂಬುದು ರಿಚರ್ಡ್ ಈಟನ್ ಅವರ ವಾದ. ಇದಕ್ಕೂ ಹಿಂದೆ, 1367ರ ಬಹಮನಿ–ವಿಜಯನಗರ ಯುದ್ಧದಲ್ಲಿಯೇ ತೋಪುಗಳಿದ್ದವೆಂದು ಫೆರಿಶ್ತಾ ಬರೆದಿರುವುದುಂಟು. ಆತ ಬರೆದದ್ದು ಎರಡು ಶತಮಾನಗಳಿಗೂ ಹೆಚ್ಚು ಕಾಲದ ಅನಂತರ. ತನ್ನ ಕಾಲದ ಪದವನ್ನು ಹಿಂದಿನ ಕಾಲಕ್ಕೆ ಹೊರಿಸಿರುವ ಸಾಧ್ಯತೆಯನ್ನು ವಿದ್ವಾಂಸರು ಎತ್ತಿ ತೋರಿದ್ದಾರೆ. ಶುಕ್ರನೀತಿಯ ‘ನಾಲಿಕ’ವನ್ನು ಆಧರಿಸಿ 1880ರಲ್ಲಿ ಗುಸ್ತಾವ್ ಒಪ್ಪರ್ಟ್ ಪ್ರಾಚೀನ ಭಾರತದಲ್ಲಿಯೇ ಕೋವಿಯಿತ್ತೆಂದು ವಾದಿಸಿದಾಗಲೂ ಎದ್ದದ್ದು ಇದೇ ಪ್ರಶ್ನೆ. ಪದ ಹಳೆಯದಾದ ಮಾತ್ರಕ್ಕೆ ವಸ್ತುವೂ ಹಳೆಯದಾಗಬೇಕಿಲ್ಲ.

4. ತರೀಕೆರೆ: ಜಾಮಗಿಯ ನಾಡು

ತರೀಕೆರೆಯ ಪಾಳೆಯಗಾರರು ಬಸವಾಪಟ್ಟಣ–ಸಂತೆಬೆನ್ನೂರು ಮನೆತನದವರು. ಬಿಜಾಪುರದ ಸೇನಾನಿ ರಣದುಲ್ಲಾಖಾನನ ದಂಡಯಾತ್ರೆಗಳ ಅನಂತರ, 17ನೆಯ ಶತಮಾನದ ಮಧ್ಯಭಾಗದಲ್ಲಿ ಅವರ ನೆಲೆ ತರೀಕೆರೆಗೆ ಬಂದಿತು. ಪಶ್ಚಿಮಕ್ಕೆ ಕೆಳದಿ, ದಕ್ಷಿಣಕ್ಕೆ ಮೈಸೂರು, ಪೂರ್ವಕ್ಕೆ ಚಿತ್ರದುರ್ಗ, ಉತ್ತರಕ್ಕೆ ಬಿಜಾಪುರದ ಒತ್ತಡ. ಇವುಗಳ ನಡುವೆ ಚಿಕ್ಕ ಪಾಳೆಯಪಟ್ಟೊಂದು ಉಳಿಯಬೇಕಾದರೆ ಕಡಿಮೆ ವೆಚ್ಚದ, ಸ್ಥಳದಲ್ಲಿಯೇ ದುರಸ್ತಿ ಮಾಡಬಲ್ಲ ಆಯುಧ ಅದಕ್ಕೆ ಬೇಕಿತ್ತು. ಜಾಮಗಿ ಕೋವಿ ಅಂತಹ ಆಯುಧ.

ಅದರ ತಯಾರಿಕೆಯನ್ನು ಪರಿಶೀಲಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. ಕಬ್ಬಿಣದ ಉದ್ದ ಪಟ್ಟಿಯನ್ನು ಕಾಯಿಸಿ ಸರಳಿನ ಸುತ್ತ ಸುತ್ತಿ, ಅಂಚುಗಳನ್ನು ಬಡಿದು ಬೆಸೆದರೆ ನಳಿಗೆ ಸಿದ್ಧ. ಕುದುರೆ ಒಂದು ಸಾದಾ ಸನ್ನೆ. ಅದಕ್ಕೆ ಬಿಗಿಯಾದ ಉಕ್ಕಿನ ಸುರುಳಿ ಬೇಕಿಲ್ಲ. ಜಾಮಗಿಯನ್ನು ನಾರಿನಿಂದ ಹೊಸೆಯಬಹುದು. ಊರಿನ ಕಮ್ಮಾರ, ಬಡಗಿಗಳ ಕೈಗೆ ನಿಲುಕದ್ದು ಇದರಲ್ಲಿ ಏನೂ ಇಲ್ಲ. ಬಾಬಾಬುಡನ್ ಗಿರಿಗಳ ಪೂರ್ವದ ಬೆಟ್ಟಸಾಲು ಹಾಗೂ ಉಬ್ರಾಣಿಯ ಸುತ್ತಮುತ್ತ ಕಬ್ಬಿಣದ ಅದಿರನ್ನು ತೆಗೆದು ಕರಗಿಸುತ್ತಿದ್ದುದನ್ನು 19ನೆಯ ಶತಮಾನದ ಗ್ಯಾಸೆಟಿಯರು ದಾಖಲಿಸಿದೆ. 20ನೆಯ ಶತಮಾನದಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಒದಗಿಸಿದ ಕೆಮ್ಮಣ್ಣುಗುಂಡಿಯೂ ತರೀಕೆರೆ ತಾಲ್ಲೂಕಿನದೇ. ಅದಿರು, ಇದ್ದಲು, ಪೆಟ್ಲುಪ್ಪು, ಕಸುಬುದಾರರು ಇಷ್ಟೂ ಒಂದೆರಡು ದಿನದ ನಡಿಗೆಯ ಅಂತರದಲ್ಲಿ ದೊರೆಯುವ ಸೀಮೆಯಲ್ಲಿ ಕೋವಿ ಹೊರಗಿನ ವಸ್ತುವಾಗಿ ಉಳಿಯದೆ ನಾಡಿನ ಆಯುಧವಾದುದು ಸಹಜ. ವ್ಯವಸಾಯ ಮಾಡುತ್ತ, ಕರೆ ಬಂದಾಗ ಆಯುಧ ಹಿಡಿದು ಹೊರಡುವ ‘ಕಂದಾಚಾರ’ದ ಕಾಲಾಳುಗಳ ವ್ಯವಸ್ಥೆ ನಿಂತದ್ದೂ ಇಂತಹ ಆಯುಧದ ಬಲದ ಮೇಲೆ.

ಜಾಮಗಿಯ ದೋಷಗಳೂ ಕಡಿಮೆಯಲ್ಲ. ಅದು ಸದಾ ಕನಲುತ್ತಿರಬೇಕು; ರಾತ್ರಿಯಲ್ಲಿ ಕೆಂಪು ಚುಕ್ಕೆಯಾಗಿ ಹೊಂಚನ್ನು ಬಯಲು ಮಾಡುತ್ತದೆ; ಮಳೆಯಲ್ಲಿ ನಂದುತ್ತದೆ; ಮದ್ದಿನ ಚೀಲದ ಪಕ್ಕದಲ್ಲಿಯೇ ಬೆಂಕಿ ಇರುವುದರಿಂದ ಅಪಾಯ ತಪ್ಪಿದ್ದಲ್ಲ. ಮಲೆನಾಡಿನ ಮುಂಗಾರಿನಲ್ಲಿ ಇದನ್ನು ನೆಚ್ಚುವಂತಿರಲಿಲ್ಲ.

5. ಚಕಮಕಿ ಮತ್ತು ಪ್ರಭುತ್ವ

17ನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡ ಚಕಮಕಿ ಬಂದೂಕಿನಲ್ಲಿ ಹುರಿಯ ಸ್ಥಾನವನ್ನು ಕಲ್ಲು ಆಕ್ರಮಿಸಿತು. ಕುದುರೆಯ ಬಾಯಲ್ಲಿ ಕಚ್ಚಿಸಿದ ಕಲ್ಲು ಉಕ್ಕಿನ ಫಲಕಕ್ಕೆ ಬಡಿದು ಕಿಡಿಯೆಬ್ಬಿಸುತ್ತದೆ. ಅದೇ ಹೊಡೆತಕ್ಕೆ ಫಲಕ ಮೇಲೆದ್ದು ರಂಜಕದ ಬಟ್ಟಲು ತೆರೆಯುತ್ತದೆ. ಬೆಂಕಿಯನ್ನು ಹೊತ್ತು ತಿರುಗುವ ಅಗತ್ಯ ತಪ್ಪಿತು. ಸಾಲುಗಟ್ಟಿ ಒತ್ತಾಗಿ ನಿಂತು ಒಂದೇ ಸಲ ಗುಂಡು ಹಾರಿಸುವ ಕವಾಯಿತಿಗೆ ಇದು ಅನುಕೂಲವಾಯಿತು. ಆದರೆ ಇದಕ್ಕೆ ಹದವಾದ ಉಕ್ಕಿನ ಸುರುಳಿ, ನಿಖರವಾಗಿ ಕೂಡುವ ಭಾಗಗಳು, ಆಯ್ದ ಕಲ್ಲು, ತರಬೇತಿ ಎಲ್ಲವೂ ಬೇಕು. ಅಂದರೆ ಕಾರ್ಖಾನೆ ಬೇಕು, ಖಜಾನೆ ಬೇಕು.

ಮೈಸೂರಿನಲ್ಲಿ ಇವೆರಡನ್ನೂ ಒದಗಿಸಿದವರು ಹೈದರಾಲಿ ಮತ್ತು ಟಿಪ್ಪು ಸುಲ್ತಾನ್. 1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾಗಿದ್ದಾಗಲೇ ಹೈದರನು ಫ್ರೆಂಚ್ ಕುಶಲಕರ್ಮಿಗಳ ನೆರವಿನಿಂದ ಆಯುಧಾಗಾರ ಸ್ಥಾಪಿಸಿದನು. ಟಿಪ್ಪು 1787ರಲ್ಲಿ ಫ್ರಾನ್ಸಿನ ದೊರೆ 16ನೆಯ ಲೂಯಿಯ ಬಳಿಗೆ ಕಳುಹಿಸಿದ ನಿಯೋಗದ ಬೇಡಿಕೆಗಳಲ್ಲಿ ಕುಶಲಕರ್ಮಿಗಳೂ ಸೇರಿದ್ದರು. ಶ್ರೀರಂಗಪಟ್ಟಣದಲ್ಲಿ ತಯಾರಾದ, ಹುಲಿಪಟ್ಟೆಯ ಚಿಹ್ನೆಯಿರುವ ಚಕಮಕಿ ಬಂದೂಕು ಹಾಗೂ ಪಿಸ್ತೂಲುಗಳು ಇಂದು ಇಂಗ್ಲೆಂಡಿನ ಸಂಗ್ರಹಾಲಯಗಳಲ್ಲಿವೆ. ಹೊಸನಗರ ತಾಲ್ಲೂಕಿನ ನಗರದಲ್ಲಿ 2018ರಲ್ಲಿ ಪಾಳುಬಾವಿಯೊಂದರಿಂದ ಹೊರತೆಗೆದ ಸಾವಿರಕ್ಕೂ ಹೆಚ್ಚು ಕಬ್ಬಿಣದ ಬಾಣಗಳು, ಅಂದರೆ ಮದ್ದು ತುಂಬಿದ ರಾಕೆಟ್ಟುಗಳು, ಪ್ರಭುತ್ವದ ಮದ್ದುಗಾರಿಕೆ ಮಲೆನಾಡಿನವರೆಗೂ ಹಬ್ಬಿದ್ದುದಕ್ಕೆ ಸಾಕ್ಷಿ.

ಹೈದರನು 1763ರಲ್ಲಿ ಕೆಳದಿ ರಾಜ್ಯವನ್ನು ಗೆದ್ದ ಕಾಲಕ್ಕೆ ತರೀಕೆರೆ ಪಾಳೆಯಪಟ್ಟೂ ಮೈಸೂರಿನ ಅಧೀನಕ್ಕೆ ಬಂದಿತು. ಈ ಬದಲಾವಣೆಯ ಗುರುತು ಅಮೃತಮಹಲಿನಲ್ಲಿದೆ. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯನ್ನು ಹೈದರನು ಸೈನ್ಯದ ಸಾಗಾಟಕ್ಕೆ ಬಳಸಿ ವಿಸ್ತರಿಸಿದನು, ಟಿಪ್ಪು ಅದಕ್ಕೆ ಅಮೃತಮಹಲ್ ಎಂಬ ಹೆಸರಿಟ್ಟನು. ತೋಪು, ಸೀಸ, ಮದ್ದಿನ ಪೀಪಾಯಿಗಳನ್ನು ವೇಗವಾಗಿ ಎಳೆಯುವ ಈ ಎತ್ತುಗಳಿಲ್ಲದೆ ಕವಾಯಿತಿನ ಬಂದೂಕಿಗೆ ಮದ್ದುಗುಂಡಿನ ಪೂರೈಕೆಯಿಲ್ಲ. 1929ರಲ್ಲಿ ಅಜ್ಜಂಪುರದಲ್ಲಿ ಆರಂಭವಾದ ಅಮೃತಮಹಲ್ ತಳಿ ಸಂವರ್ಧನ ಕೇಂದ್ರವೂ ಆ ಸೀಮೆಯ ಕಾವಲುಗಳೂ ಸೈನ್ಯದ ಒಂದು ವ್ಯವಸ್ಥೆಯ ಮುಂದುವರಿಕೆ. ಜಾಮಗಿಯ ಕೋವಿ ಊರನ್ನು ನೆಚ್ಚಿತ್ತು, ಚಕಮಕಿಯ ಬಂದೂಕು ಪ್ರಭುತ್ವವನ್ನು ನೆಚ್ಚಿತು ಎಂದರೆ ತಪ್ಪಾಗಲಾರದು.

6. ಪಿಸ್ತೂಲಿಗೆ ಕನ್ನಡದ ಹೆಸರೇಕಿಲ್ಲ?

ಒಂದೇ ಕೈಯಲ್ಲಿ ಹಿಡಿಯುವ ಪಿಸ್ತೂಲಿಗೆ ಕನ್ನಡದಲ್ಲಿ ಕೋವಿಯಂತಹ ದೇಶೀಯ ಹೆಸರು ನೆಲೆಯೂರಲಿಲ್ಲ. ಇದಕ್ಕೆ ಕಾರಣ ಆಯುಧದ ರಚನೆಯಲ್ಲಿಯೇ ಇದೆ. ಕನಲುವ ಜಾಮಗಿಯನ್ನು ನಡುಪಟ್ಟಿಯಲ್ಲಿ ಸಿಕ್ಕಿಸಿಕೊಳ್ಳಲಾಗದು. ಕುದುರೆ ಸವಾರನಿಗೆ ಅದು ಇನ್ನೂ ತೊಡಕು. ಆದುದರಿಂದ 16ನೆಯ ಶತಮಾನದ ಆರಂಭದಲ್ಲಿ ಯೂರೋಪಿನಲ್ಲಿ ತಿರುಗುವ ಉಕ್ಕಿನ ಗಾಲಿಯಿಂದ ಕಿಡಿ ತೆಗೆಯುವ ಯಂತ್ರ ಬಂದಮೇಲಷ್ಟೇ ಪಿಸ್ತೂಲು ಹುಟ್ಟಿತು. ದುಬಾರಿಯೂ ಸೂಕ್ಷ್ಮವೂ ಆದ ಆ ಯಂತ್ರ ಭಾರತದಲ್ಲಿ ಬೇರೂರಲಿಲ್ಲ. ಇಲ್ಲಿ ಪಿಸ್ತೂಲು ಹರಡಿದ್ದು ಚಕಮಕಿಯ ಜೊತೆಯಲ್ಲಿ, ಸವಾರರ ಮತ್ತು ಅಧಿಕಾರಿಗಳ ಕೈ ಆಯುಧವಾಗಿ. 1836ರಲ್ಲಿ ಕೋಲ್ಟ್ ಅಮೆರಿಕದಲ್ಲಿ ಹಕ್ಕುಪತ್ರ ಪಡೆದ ರಿವಾಲ್ವರೂ ಅದೇ ವರ್ಗದವರ ಸೊಂಟಕ್ಕೆ ಬಂದಿತು. ಊರಿನ ಕಮ್ಮಾರನ ಕುಲುಮೆಯನ್ನು ಹಾದುಬಾರದ ಆಯುಧ ಊರಿನ ಮಾತಿನಲ್ಲಿ ಹೆಸರು ಪಡೆಯಲಿಲ್ಲ.

7. ದಂಗೆ, ಕೇಪು, ಪರವಾನಗಿ

1830–31ರ ನಗರ ದಂಗೆಯಲ್ಲಿ ತರೀಕೆರೆ ಮನೆತನದ ಸರ್ಜಾ ಹನುಮಪ್ಪನಾಯಕ ಮುಂಚೂಣಿಯಲ್ಲಿದ್ದನು. ಕಲ್ದುರ್ಗ, ಕಾಮನದುರ್ಗಗಳು ದಂಗೆಕೋರರ ವಶವಾದವು. ದಂಗೆಯ ಪರಿಣಾಮವಾಗಿ 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ಬ್ರಿಟಿಷರು ವಹಿಸಿಕೊಂಡರು. ಕಂದಾಯದ ಹೊರೆ, ಅಧಿಕಾರಿಗಳ ಕಿರುಕುಳ ಈ ದಂಗೆಯ ಮುಖ್ಯ ಕಾರಣಗಳೆಂಬುದು ನಿರ್ವಿವಾದ. ಆದರೆ ರೈತರ ಅಸಮಾಧಾನ ಅಷ್ಟು ಬೇಗ ಸಶಸ್ತ್ರ ಹೋರಾಟವಾಗಿ ಮಾರ್ಪಡಲು ಊರೂರಲ್ಲಿ ಉಳಿದಿದ್ದ ಆಯುಧಗಳೂ ಅವುಗಳನ್ನು ಬಳಸಬಲ್ಲ ಜನರೂ ಕಾರಣವೆಂದು ಊಹಿಸಬಹುದು.

ಕೆಲವೇ ದಶಕಗಳಲ್ಲಿ ಈ ಸ್ಥಿತಿ ಬದಲಾಯಿತು. 1807ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫಾರ್ಸೈತ್ ಹೊಡೆತಕ್ಕೇ ಸಿಡಿಯುವ ರಸಾಯನವನ್ನು ಕೋವಿಗೆ ಅಳವಡಿಸಿ ಹಕ್ಕುಪತ್ರ ಪಡೆದನು. 1820ರ ದಶಕದಲ್ಲಿ ಅದು ತಾಮ್ರದ ಪುಟ್ಟ ಟೊಪ್ಪಿಗೆಯ ರೂಪ ತಾಳಿತು. ಅದೇ ಕನ್ನಡದ ‘ಕೇಪು’. ಮಳೆಗೂ ಗಾಳಿಗೂ ಅಂಜದ ಕೇಪಿನ ಕೋವಿ ಮಲೆನಾಡಿಗೆ ಹೇಳಿಮಾಡಿಸಿದಂತಿತ್ತು. ನಳಿಗೆಗೆ ಮಸಿ ಸುರಿದು, ಗಜದಿಂದ ಜಡಿದು, ಚರೆಯೋ ಗುಂಡೋ ತುಂಬಿ, ಕೇಪು ಇಟ್ಟು ‘ಈಡು’ ಹೊಡೆಯುವ ಕ್ರಮ ಮಲೆನಾಡಿನ ಬೇಟೆಯ ಭಾಷೆಯಾಗಿಯೇ ಬೆಳೆಯಿತು. ಕುವೆಂಪು ಅವರ ಕಾದಂಬರಿಗಳ ಕಾಡು ಈ ಕೋವಿಯ ಸದ್ದನ್ನು ಬಲ್ಲದು.

ಆದರೆ ಕೇಪನ್ನು ಊರಿನಲ್ಲಿ ಮಾಡಲಾಗದು, ಅಂಗಡಿಯಿಂದ ತರಬೇಕು. ಅಂಗಡಿಗೆ ಪರವಾನಗಿ, ಕೊಳ್ಳುವವನಿಗೂ ಪರವಾನಗಿ. 1857ರ ಆಯುಧ ಕಾಯ್ದೆಯನ್ನು ಪ್ರತಿಭಟಿಸಿ ಅದೇ ವರ್ಷದ ನವೆಂಬರಿನಲ್ಲಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಹೂಡಿದ ಹೋರಾಟ ಲಾವಣಿಯಾಗಿ ಉಳಿದು, ಫ್ಲೀಟ್ ಅವರ ಸಂಗ್ರಹದ ಮೂಲಕ 1885ರಲ್ಲಿ ಪ್ರಕಟವಾಯಿತು. ಇನ್ನೊಂದೆಡೆ ಕೊಡಗಿನವರಿಗೆ 1861ರಲ್ಲಿ ಪರವಾನಗಿಯಿಂದ ವಿನಾಯಿತಿ ದೊರೆಯಿತು. 2019ರ ಕೇಂದ್ರ ಸರ್ಕಾರದ ಆದೇಶ ಅದನ್ನು 2029ರವರೆಗೆ ಮುಂದುವರಿಸಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಸಲ್ಲುವ ಪೂಜೆ ಅಲ್ಲಿ ಸಾರ್ವಜನಿಕ ಸಂಸ್ಕೃತಿಯ ಭಾಗ. ಒಂದೇ ಆಯುಧ ಒಂದು ನಾಡಿನಲ್ಲಿ ಕುಲದ ಗೌರವದ ಗುರುತಾಗಿ ಉಳಿಯಿತು, ಇನ್ನೊಂದರಲ್ಲಿ ಪೊಲೀಸ್ ವರದಿಯ ‘ನಾಡಬಂದೂಕು’ ಆಯಿತು. ಈ ವ್ಯತ್ಯಾಸಕ್ಕೆ ಕಾರಣ ಆಯುಧವಲ್ಲ, ಕಾಯ್ದೆ. 1880ರ ದಶಕದಲ್ಲಿ ಹೊಗೆರಹಿತ ಮದ್ದು ಬಂದೊಡನೆ ಸೈನ್ಯದ ಮಟ್ಟಿಗೆ ಕಪ್ಪುಮದ್ದಿನ ಯುಗ ಮುಗಿಯಿತು.

8. ಪಠ್ಯವಾಚನಕ್ಕೆ ಕೆಲವು ಸೂಚನೆಗಳು

ಈ ವಿವೇಚನೆಯಿಂದ ಸಂಪಾದಕರಿಗೂ ಅಧ್ಯಾಪಕರಿಗೂ ಉಪಯುಕ್ತವಾಗಬಹುದಾದ ಮೂರು ಅಂಶಗಳು ಹೊರಡುತ್ತವೆ.

ಮೊದಲನೆಯದಾಗಿ, ಹೊಸ ತಂತ್ರದ ಪದವು ಪಠ್ಯದ ಕಾಲಕ್ಕೆ ಪೂರ್ವಮಿತಿಯನ್ನು ಒದಗಿಸುತ್ತದೆ; ಹಳೆಯ ತಂತ್ರದ ಪದ ಉತ್ತರಮಿತಿಯನ್ನು ಒದಗಿಸುವುದಿಲ್ಲ. 17ನೆಯ ಶತಮಾನದ ಪಾಳೆಯಗಾರನ ಕಥನದಲ್ಲಿ ‘ಕೇಪು’ ಬಂದರೆ ಆ ಪಾಠ 1820ಕ್ಕಿಂತ ಹಿಂದಿನದಲ್ಲವೆಂದೂ ಅದು ಹಾಡುಗಾರನ ಕಾಲದ ಸೇರ್ಪಡೆಯೆಂ‌ದೂ ತಿಳಿಯಬಹುದು. ಆದರೆ ‘ಜಾಮಗಿ’ ಬಂದ ಮಾತ್ರಕ್ಕೆ ಪಠ್ಯ ಹಳೆಯದೆನ್ನಲಾಗದು. ಭಾರತದಲ್ಲಿ ಜಾಮಗಿ ಕೋವಿ 19ನೆಯ ಶತಮಾನದಲ್ಲಿಯೂ ಬಳಕೆಯಲ್ಲಿತ್ತು.

ಎರಡನೆಯದಾಗಿ, ಹಳೆಯ ಪದಕ್ಕೆ ಹೊಸ ಅರ್ಥ ಸೇರಿರುವ ಕಡೆ ಎಚ್ಚರ ಅಗತ್ಯ. 18ನೆಯ ಶತಮಾನದ ಯುದ್ಧವರ್ಣನೆಯ ‘ಬಾಣ’ ಬಿಲ್ಲಿನದೇ ಆಗಬೇಕಿಲ್ಲ. ಬಾಣಬಿರುಸಿನ ಬಾಣವೂ ಆಗಬಹುದು. ‘ಕುದುರೆ ಎಳೆದನು’ ಎಂಬಲ್ಲಿ ಕುದುರೆ ಪ್ರಾಣಿಯಲ್ಲ. ‘ಮದ್ದು ಅರೆದರು’ ಎಂಬಲ್ಲಿ ವೈದ್ಯನಿರಲೇಬೇಕೆಂದಿಲ್ಲ.

ಮೂರನೆಯದಾಗಿ, ಅರ್ಥಕೋಶಗಳಲ್ಲಿ ಕೋವಿ, ತುಪಾಕಿ, ಬಂದೂಕುಗಳಿಗೆ ಒಂದೇ ಅರ್ಥ ಕೊಡುವ ಬದಲು ಪಠ್ಯ ಯಾವ ಸೀಮೆಯದು, ಕಿಡಿ ತಗುಲಿಸುವ ಯಾವ ಕ್ರಮ ಅಲ್ಲಿ ಸೂಚಿತವಾಗಿದೆ ಎಂಬುದನ್ನು ನಮೂದಿಸುವುದು ಅಪೇಕ್ಷಣೀಯ. ಮಲೆನಾಡು–ಬಯಲುಸೀಮೆಗಳು ಕೂಡುವ ಕಡೂರು–ತರೀಕೆರೆಯಂತಹ ಪ್ರದೇಶದ ಪಠ್ಯಗಳಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಮಲೆನಾಡಿನ ‘ಕೋವಿ’, ಬಯಲಿನ ‘ತುಪಾಕಿ’, ಆಡಳಿತದ ‘ಬಂದೂಕು’ ಅಲ್ಲಿ ಅಕ್ಕಪಕ್ಕದಲ್ಲಿ ದೊರೆಯುವುದು ಸಹಜ.

ಚಕಮಕಿ ಬಂದೂಕು ಬಳಕೆಯಿಂದ ಮರೆಯಾಗಿ ಶತಮಾನಕ್ಕೂ ಮಿಗಿಲಾದ ಕಾಲ ಸಂದಿದೆ. ಆದರೂ ‘ಗುಂಡಿನ ಚಕಮಕಿ’, ‘ಮಾತಿನ ಚಕಮಕಿ’ ಎಂದು ಪತ್ರಿಕೆಗಳು ಬರೆಯುತ್ತಲೇ ಇವೆ. ಕಲ್ಲೂ ಉಕ್ಕೂ ಬಡಿದ ಆ ಕಿಡಿಯನ್ನು ಭಾಷೆ ಆರಲು ಬಿಟ್ಟಿಲ್ಲ. ಶಸ್ತ್ರಾಗಾರಗಳಲ್ಲಿ ದೊರೆಯದ ಚರಿತ್ರೆ ಶಬ್ದಗಳಲ್ಲಿ ದೊರೆಯುವುದಾದರೆ ಅದನ್ನು ಹುಡುಕುವ ಹೊಣೆ ಭಾಷೆಯ ಅಧ್ಯಯನಕಾರರದೇ ಆಗಿದೆ.